ಗಿಟಾರ್ ಫುಲ್, ಆಂಪ್ ಕಮ್ಮಿ

ಜೂನ್ 9, ಸೋಮವಾರ. ಮಧ್ಯಾಹ್ನ

ಮತ್ತೆ ಅದೇ ಶುರುವಿನ ತುಣುಕು. ಅಪ್ಪ ಮಲಗಿದ್ದಾರೆ. ರಾತ್ರಿಯೆಲ್ಲ ಬ್ರೆಡ್ ಫ್ಯಾಕ್ಟರಿ, ಹಗಲು ನಿದ್ದೆ. ನಡುವೆ ಒಂದು ಪ್ಲೈವುಡ್ ಗೋಡೆ. ಅದಕ್ಕೇ ಬೇಸ್ ಗಿಟಾರಿನ ವಾಲ್ಯೂಮ್ ಚೂರೇ ಚೂರು ತೆರೆದು ನುಡಿಸುತ್ತೇನೆ. ಸದ್ದು ದೊಡ್ಡದು ಮಾಡುವ ಆಂಪ್ ಪೆಟ್ಟಿಗೆಯಲ್ಲಿ ತಗ್ಗಿಸೋಣವೆಂದರೆ ಅದರ ತಿರುಪಿನ ಟೋಪಿ ಯಾವತ್ತೋ ಕಳೆದುಹೋಗಿದೆ. ಉಳಿದ ಕಬ್ಬಿಣದ ಕಡ್ಡಿ ಬೆರಳಿಗೆ ಜಗ್ಗುವುದಿಲ್ಲ.

ಪೆಡಲ್ ಹೋದ ವಾರ ಕೊಟ್ಟದ್ದು ನಮ್ಮ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುವ ಅಕ್ಕ. ಬ್ಯಾಂಡೂ ಅವರದೇ, ಪೆಡಲೂ ಅವರದೇ. ಇಟ್ಟಿಗೆಯಷ್ಟು ಭಾರದ ಡಬ್ಬಿ. ಕಾಲಲ್ಲಿ ಒತ್ತಿದರೆ ಗಿಟಾರಿಗೆ ಬಾಯಿ ಬರುತ್ತದೆ — ಮೆಲ್ಲಗೆ ಮೀಟಿದರೆ ‘ಮ್ಮ್’, ಜೋರಾಗಿ ಮೀಟಿದರೆ ‘ವ್ವಾ’. ಎಷ್ಟು ಜೋರಿಗೆ ಬಾಯಿ ಬಿಡಬೇಕು ಅನ್ನುವುದಕ್ಕೆ ಸೆನ್ಸಿಟಿವಿಟಿ ಅಂತ ಒಂದು ತಿರುಪು. ನನ್ನ ಈ ಪಿಸುಗುಟ್ಟುವ ಗಿಟಾರಿಗೆ ಅದು ಬಾಯಿಯನ್ನೇ ಬಿಡಲಿಲ್ಲ. ತಿರುಗಿಸುತ್ತ ಹೋದೆ. ಇನ್ನು ತಿರುಗುವುದಿಲ್ಲ ಅನ್ನುವಲ್ಲಿ — ವ್ವಾ. ಸೊಗಸಾಗಿತ್ತು. ಅಲ್ಲಾಡದಿರಲಿ ಎಂದು ಮೇಲೊಂದು ಟೇಪ್ ಅಂಟಿಸಿಬಿಟ್ಟೆ.

ಇಪ್ಪತ್ತೊಂದಕ್ಕೆ ಹೋಟೆಲ್ ಹಾಲ್‌ನಲ್ಲಿ ಪ್ರೋಗ್ರಾಂ. ಮೊದಲ ಹಾಡು ನನ್ನೊಬ್ಬಳ ಬೇಸ್‌ನಿಂದ ಶುರು. ಶಾಲೆ ಬಿಟ್ಟ ಮೇಲೆ ಹಿಡಿದ ಕೆಲಸಗಳಲ್ಲಿ ಒಂದೂ ಹಿಡಿಸಿಲ್ಲ, ಈಗಿನ ಇಸ್ತ್ರಿ ಅಂಗಡಿಯೂ. ಬೇಸ್ ಒಂದು ಹಿಡಿಸಿದೆ.

ಅರ್ಧಕ್ಕೆ ತಪ್ಪಿದೆ. ನಿಲ್ಲಿಸಿ ಮೊದಲಿಂದ. ಮತ್ತೆ ತಪ್ಪು, ಮತ್ತೆ ನಿಲ್ಲಿಸಿದೆ. ಆಚೆ ಅಪ್ಪ ಮಗ್ಗುಲು ಬದಲಿಸಿದ ಸದ್ದು. ಇವತ್ತಿಗೆ ಸಾಕು.

ಜೂನ್ 11, ಬುಧವಾರ

ಮಾನ ಹೋಯಿತು.

ರಿಹರ್ಸಲ್ ರೂಮಿನಲ್ಲಿ ಡ್ರಮ್ಸ್ ಎದುರು ಕೇಳಿಸಬೇಕಲ್ಲ. ಗಿಟಾರಿನ ವಾಲ್ಯೂಮ್ ಪೂರ್ತಿ ಏರಿಸಿದೆ, ಪೆಡಲ್ ಒತ್ತಿದೆ. ಬೆರಳು ತಂತಿಗೆ ಸೋಕಿದರೆ ಸಾಕು — ಕ್ವಾಕ್. ಮೆಲ್ಲಗೆ ಮೀಟಿದರೂ ಕ್ವಾಕ್. ಒಂದು ‘ಮ್ಮ್’ ಇಲ್ಲ, ಬರೀ ಕ್ವಾಕ್.

ಡ್ರಮ್ಸ್ ಬಾರಿಸುವ ದಡೂತಿ ಹುಡುಗ ಕೋಲು ಕೆಳಗಿಟ್ಟ. “ಏನೇ, ಬಾತುಕೋಳಿ ಸಾಕಿದ್ದೀಯಾ?”

ನಗಬೇಕಾದಷ್ಟು ನಕ್ಕು, ಆಮೇಲೆ ಪಾಪ ಅನ್ನಿಸಿತೋ ಏನೋ, “ಪೆಡಲ್ ಕೆಟ್ಟಿರ್ಬೇಕು ಅಕ್ಕಾ, ಹಳೇದಲ್ವಾ,” ಎಂದು ಕೀಬೋರ್ಡ್ ಅಕ್ಕನಿಗೆ ಹೇಳಿದ.

ಹ್ಞೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಪೆಡಲ್ ಸರಿಯಾಗೇ ಇದೆ,” ಎಂದೆ. “ಮನೇಲಿ ಚೆನ್ನಾಗಿ ಬಂತು. ನಾನೇ ಏನೋ ತಪ್ಪು ಮಾಡಿದೀನಿ. ಏನಂತ ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ ಹೇಗಮ್ಮಾ?” ಅಕ್ಕ ನಕ್ಕಿರಲಿಲ್ಲ. “ಮುಂದಿನ ಬುಧವಾರದೊಳಗೆ ಗೊತ್ತು ಮಾಡ್ಕೋ. ಇಲ್ಲಾಂದ್ರೆ ನಮ್ಮ ಚಿಕ್ಕಮ್ಮನ ಮಗ ಬೇಸ್ ನುಡಿಸ್ತಾನೆ, ಅವನನ್ನ ಕರೀತೀನಿ. ಬೇಜಾರು ಮಾಡ್ಕೋಬೇಡ.”

“ಬೇಜಾರಾಗುತ್ತೆ,” ಎಂದೆ.

ಆಗುವುದನ್ನು ಆಗುತ್ತದೆ ಎನ್ನದೆ ಇನ್ನೇನು ಹೇಳಲಿ.

ಜೂನ್ 12, ಗುರುವಾರ

ಗಿಟಾರ್ ಚೀಲದಿಂದ ಹೊರಗೆ ತೆಗೆಯಲಿಲ್ಲ. ಕೆಲಸದಲ್ಲೂ ತಲೆ ನಿಲ್ಲಲಿಲ್ಲ, ಯಾರದೋ ಅಂಗಿಯ ಕಾಲರ್ ಸುಟ್ಟೆ. ಮೊದಲೇ ಹಾಗಿತ್ತು ಅಂತ ಹೇಳು, ಎಂದರು ಅಂಗಡಿಯವರು. ಗಿರಾಕಿ ಬಂದಾಗ, ನಾನೇ ಸುಟ್ಟದ್ದು ಎಂದುಬಿಟ್ಟೆ. “ನಿನ್ನ ಬಾಯಿಗೊಂದು ಬಿರಡೆ ಹಾಕ್ಬೇಕು,” ಎಂದರು ಅಂಗಡಿಯವರು.

ಜೂನ್ 16, ಸೋಮವಾರ. ಸಂಜೆ

ಟೀ ಕುಡಿಯುತ್ತ ಅಪ್ಪ ಕೇಳಿದರು, “ಏನೇ, ಆ ಡಬ್ಬಿ ವಾಪಸ್ ಕೊಟ್ಟುಬಿಟ್ಯಾ?”

“ಇಲ್ಲ. ಯಾಕಪ್ಪಾ?”

“ಸದ್ದೇ ಇಲ್ವಲ್ಲ. ಸರಿಯಾಗಿ ನಿದ್ದೆ ಹತ್ತಿಲ್ಲ ನಂಗೆ.”

ತಮಾಷೆ ಎಂದುಕೊಂಡೆ. ಮುಖ ನೋಡಿದರೆ ಅಲ್ಲ. ಕಣ್ಣು ಕೆಂಪಗಿತ್ತು.

“ನಿಮಗೆ ಕೇಳಿಸ್ತಿತ್ತಾ?”

“ಪ್ಲೈವುಡ್ ಕಣೇ ಅದು. ಕೋಟೆ ಗೋಡೆ ಅಲ್ಲ.”

“ಮತ್ತೆ ಎಚ್ಚರ ಆಗ್ತಿರಲಿಲ್ವಾ?”

“ಸದ್ದಿಗೆ ಎಚ್ಚರ ಆಗಲ್ಲ. ನಿಂತರೆ ಆಗುತ್ತೆ. ಫ್ಯಾಕ್ಟರೀಲಿ ಬೆಲ್ಟ್ ಓಡ್ತಾ ಇದ್ರೆ ಕೂತಲ್ಲೇ ತೂಕಡಿಸ್ತೀವಿ, ನಿಂತಿತೋ ಎಲ್ಲರೂ ಧಡಕ್ಕಂತ ಏಳ್ತೀವಿ. ನೀನು ತಪ್ಪಿದ ಕೂಡಲೇ ನಿಲ್ಲಿಸ್ತೀಯ. ನಾನು ಕಣ್ಣು ಬಿಟ್ಕೊಂಡು, ಉಳಿದರ್ಧ ಯಾವಾಗ ಬರುತ್ತಪ್ಪಾ ಅಂತ ಕಾಯ್ತಾ ಬಿದ್ದಿರ್ತೀನಿ.” ಲೋಟ ಕೆಳಗಿಟ್ಟರು. “ಶಾಲೇನೂ ಹಾಗೇ ಅರ್ಧಕ್ಕೆ…” ಎಂದು ಶುರು ಮಾಡಿದವರು, ಅದನ್ನು ಅಲ್ಲಿಗೇ ಬಿಟ್ಟರು.

ಬುಧವಾರದ ಕಥೆ ಪೂರ್ತಿ ಹೇಳಿದೆ. ಆ ಚಿಕ್ಕಮ್ಮನ ಮಗನನ್ನೂ ಬಿಡಲಿಲ್ಲ.

“ಎಲ್ಲಿ, ಅಲ್ಲಿ ನುಡಿಸಿದ ಹಾಗೇ ನುಡಿಸು,” ಎಂದರು.

ಗಿಟಾರ್ ಪೂರ್ತಿ ಏರಿಸಿದೆ. ಕ್ವಾಕ್. ಅಪ್ಪ ಟೀ ಉಗುಳುವಷ್ಟು ನಕ್ಕರು. ಗಿಟಾರ್ ತಗ್ಗಿಸಿದೆ — ಕ್ವಾಕ್ ಮಾಯ. ಏರಿಸಿದೆ — ಕ್ವಾಕ್. ಆಗ ಹೊಳೆಯಿತು. ಪೆಡಲ್‌ಗೆ ಮನೆ ಯಾವುದು, ರಿಹರ್ಸಲ್ ರೂಮ್ ಯಾವುದು, ಒಂದೂ ಗೊತ್ತಿಲ್ಲ. ಗಿಟಾರಿನಿಂದ ಎಷ್ಟು ಬರುತ್ತದೋ ಅಷ್ಟೇ ಅದಕ್ಕೆ ಕೇಳಿಸುವುದು. ನಾನು ಪಿಸುಗುಟ್ಟುತ್ತ ಅದರ ಕಿವಿ ಹಿಂಡಿ ಹಿಂಡಿ ಚುರುಕು ಮಾಡಿಟ್ಟಿದ್ದೆ. ಮೇಲೆ ಟೇಪ್ ಬೇರೆ. ಅಲ್ಲಿ ಹೋಗಿ ಕೂಗಿದರೆ ಅದು ಬೆಚ್ಚಿಬೀಳದೆ ಇನ್ನೇನು?

ಟೇಪ್ ಕಿತ್ತೆ. ಗಿಟಾರ್ ಫುಲ್ ಇಟ್ಟು, ಮೀಟುತ್ತ ಮೀಟುತ್ತ ಸೆನ್ಸಿಟಿವಿಟಿ ಇಳಿಸಿದೆ. ಅರ್ಧಕ್ಕಿಂತ ಕೆಳಗೆ ಬಂದಾಗ ‘ಮ್ಮ್’ ಮರಳಿ ಬಂತು. ಅಷ್ಟರಲ್ಲಿ ಪಕ್ಕದ ಮನೆಯವರು ಗೋಡೆ ಗುದ್ದಿದರು.

ತಗ್ಗಿಸುವುದಾದರೆ ಪೆಡಲ್ ದಾಟಿದ ಮೇಲೆ ತಗ್ಗಿಸಬೇಕು, ಆಂಪ್‌ನಲ್ಲಿ. ಅಪ್ಪನಿಗೆ ಆ ಬೋಳು ಕಡ್ಡಿ ತೋರಿಸಿದೆ. ಒಳಗೆ ಹೋಗಿ ಇಕ್ಕಳ ತಂದು ಕಚ್ಚಿಸಿ ತಿರುಗಿಸಿದರು. ಸದ್ದು ಸಣ್ಣದಾಯಿತು. ಮ್ಮ್, ವ್ವಾ ಎರಡೂ ಹಾಗೇ ಉಳಿದವು.

ಇಷ್ಟು ದಿನ ಒಂದು ಇಕ್ಕಳ ಕೇಳಲು ನನಗೇನಾಗಿತ್ತು?

ಜೂನ್ 18, ಬುಧವಾರ

ಕ್ವಾಕ್ ಇಲ್ಲ. ಆದರೆ ಪೆಡಲ್ ಒತ್ತಿದೊಡನೆ ಬೇಸ್ ಎಲ್ಲರ ಮೇಲೆ ಹಾರಿ ಕೂರುತ್ತಿತ್ತು. “ನನ್ನ ಕಿವಿ ಹೋಯ್ತು,” ಎಂದ ದಡೂತಿ. ಪೆಡಲ್‌ಗೆ ಅದರದೇ ಇನ್ನೊಂದು ವಾಲ್ಯೂಮ್ ಇದೆ. ಒತ್ತಿ, ಬಿಟ್ಟು, ಒತ್ತಿ, ಬಿಟ್ಟು — ಎರಡೂ ಸರಿಸಮ ಆಗುವವರೆಗೆ ಇಳಿಸಿದೆ.

“ಪರವಾಗಿಲ್ಲ,” ಎಂದರು ಅಕ್ಕ. ಹೊರಡುವಾಗ, “ಚಿಕ್ಕಮ್ಮನ ಮಗ ಇದಾನಲ್ಲ, ಆ ತಮ್ಮನಿಗೂ ಶನಿವಾರ ಗಿಟಾರ್ ತಗೊಂಡು ಬಾ ಅಂದಿದೀನಿ. ಮೊದಲ ಹಾಡು ನೀನು ಹೇಗೆ ನುಡಿಸ್ತೀಯ ನೋಡೋಣ,” ಎಂದರು.

ನೋಡೋಣ.

ಜೂನ್ 21, ಶನಿವಾರ. ಮಧ್ಯಾಹ್ನ

ಪ್ರೋಗ್ರಾಂ ಸಂಜೆ, ಅಪ್ಪನ ಶಿಫ್ಟ್ ಅದಾದ ಮೇಲೆ. ಬಾಗಿಲ ಹತ್ತಿರ ನಿಂತು ಒಂದು ಹಾಡು ಕೇಳಿ ಹೋಗುತ್ತಾರಂತೆ. ಬೇಡ ಎನ್ನಬೇಕೆನ್ನಿಸಿತು. ಬೇಡ ಅನ್ನುವುದು ನಿಜವಾಗಿರಲಿಲ್ಲ, ಹೇಳಲಿಲ್ಲ.

ಜೂನ್ 22, ಭಾನುವಾರ. ಮಧ್ಯಾಹ್ನ

ಅಕ್ಕನ ತಮ್ಮ ಸ್ಟೇಜಿನ ಪಕ್ಕದಲ್ಲೇ ನಿಂತಿದ್ದ, ಗಿಟಾರ್ ಚೀಲ ಹೆಗಲಲ್ಲಿ. ಒಳ್ಳೆಯ ಹುಡುಗನ ಹಾಗೆ ಕಂಡ. ಅದೇ ಕಷ್ಟ.

ತಿರುಪುಗಳೆಲ್ಲ ಇಟ್ಟಲ್ಲೇ ಇದ್ದವು. ಕೈ ಮಾತ್ರ ಮನೆಯ ಕೈಯಲ್ಲ. ಹೆದರಿಕೆಗೆ ಭಾರವಾಗಿತ್ತು. ಶುರು ಮಾಡಿ ಸ್ವಲ್ಪ ದೂರ ಹೋಗಿದ್ದೆ — ಕ್ವಾಕ್. ಒಂದೇ ಒಂದು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೆರಳು ನಿಲ್ಲುವುದರಲ್ಲಿತ್ತು. ಬಾಗಿಲ ಬಳಿ ಅಪ್ಪ, ಫ್ಯಾಕ್ಟರಿಯ ಬಿಳಿ ಕೋಟು, ಕಣ್ಣು ದೊಡ್ಡದು ಮಾಡಿಕೊಂಡು. ಉಳಿದರ್ಧ ಕಾಯುವ ಮುಖ ಹೇಗಿರುತ್ತದೆ ಎಂದು ಆಗ ನೋಡಿದೆ.

ನಿಲ್ಲಿಸಲಿಲ್ಲ. ಬಗ್ಗಿ ತಿರುಪು ಮುಟ್ಟಲೂ ಇಲ್ಲ. ಕೈಯನ್ನೇ ಹಗುರ ಮಾಡಿದೆ. ಮ್ಮ್… ಮ್ಮ್… ವ್ವಾ. ಕೊನೆ ಮುಟ್ಟಿಸಿದೆ. ಅಕ್ಕನ ಕೀಬೋರ್ಡ್ ಬಂತು, ದಡೂತಿ ಬಂದ, ಹಾಡು ಓಡಿತು. ತಲೆ ಎತ್ತಿದಾಗ ಬಾಗಿಲಲ್ಲಿ ಅಪ್ಪ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಅಕ್ಕನ ತಮ್ಮ ಕೇಳಿದ, “ಮಧ್ಯೆ ಆ ಬಾತುಕೋಳಿ, ಬೇಕಂತಲೇ ಹಾಕಿದ್ದಾ? ಚೆನ್ನಾಗಿತ್ತು.”

“ಇಲ್ಲ, ತಪ್ಪಿದ್ದು,” ಎಂದೆ.

“ಹೌದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ವೈರ್ ಸುತ್ತುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. “ಬುಧವಾರ ಬೇಗ ಬಾ. ಎರಡನೇ ಹಾಡಿಗೂ ಪೆಡಲ್ ಹಾಕಿ ನೋಡೋಣ.”

ಅಪ್ಪ ಬೆಳಿಗ್ಗೆ ಬಂದರು, ಬ್ರೆಡ್ ಮೇಜಿನ ಮೇಲಿಟ್ಟು ಮಲಗಿದರು. ನಾನು ಗಿಟಾರ್ ಫುಲ್ ಇಟ್ಟು, ಆಂಪ್ ಕಮ್ಮಿ ಮಾಡಿ, ಅರ್ಧ ನುಡಿಸಿ, ಇದನ್ನು ಬರೆಯಲು ಕೂತಿದ್ದೇನೆ. ಎದ್ದ ಮೇಲೆ ಅವರನ್ನು ಕೇಳಬೇಕು, ಆ ತಪ್ಪಿದ ಜಾಗದಲ್ಲಿ ಅವರಿಗೆ ಏನು —

ಗೋಡೆಯಾಚೆಯಿಂದ: “ನಿಲ್ಲಿಸಿಬಿಟ್ಟೆಯಲ್ಲೇ. ಮುಗಿಸು.”

“ಬರೀತಾ ಇದೀನಪ್ಪಾ.”

“ಅದನ್ನ ಆಮೇಲೆ ಬರಿ.”

ಸರಿ. ಉಳಿದದ್ದು