ಹದಿನೈದನೇ ತಾರೀಖಿನ ಸಹಿ

ನವೆಂಬರ್ 18, ಸೋಮವಾರ. ಸಂಜೆ 5.40

ವಿಜ್ಞಾನ ಪ್ರದರ್ಶನಕ್ಕೆ ಒಟ್ಟು ಇಪ್ಪತ್ತೇಳು ಪ್ರಾಜೆಕ್ಟ್. ಒಂಬತ್ತು ನೋಡಿ ಮುಗಿಸಿದೆ. ಬೋರ್ಡುಗಳನ್ನು ಟೇಪ್ ಹಿಡಿದು ಅಳೆದೆ. ಎರಡು ಬೋರ್ಡು ನಾಲ್ಕು ಬೆರಳು ಹೆಚ್ಚಿಗೆ. ಕತ್ತರಿಸಿಕೊಂಡು ಬನ್ನಿ ಅಂದೆ. ಒಬ್ಬಳು ಅತ್ತಳು. ಅಳಲಿ. ನಿಯಮದ ಹಾಳೆ ಆಗಸ್ಟಿನಲ್ಲೇ ಹಂಚಿದ್ದೇನೆ — ಬೆಂಕಿ ಇಲ್ಲ, ಬೂಷ್ಟು ಇಲ್ಲ, ಜೀವಂತ ಪ್ರಾಣಿ ಇಲ್ಲ. ಲಾಗ್ ಬುಕ್ ಪೆನ್ನಿನಲ್ಲೇ, ತಾರೀಖು ಸಮೇತ. ದೊಡ್ಡವರು ಏನೇನು ಸಹಾಯ ಮಾಡಿದರು ಅಂತ ಬರೆಯಬೇಕು. ಪ್ರಯೋಗ ಶುರುವಾಗುವ ಮೊದಲೇ ವಿಜ್ಞಾನ ಶಿಕ್ಷಕರ ಒಪ್ಪಿಗೆ ಸಹಿ ಬೇಕು. ಅಂದರೆ ನನ್ನದು.

ಎಂಟು ವರ್ಷದಿಂದ ಈ ಪರಿಶೀಲನೆಯ ಕೆಲಸ, ಶಾಲೆಯಲ್ಲೂ ಜಿಲ್ಲಾ ಪ್ರದರ್ಶನದಲ್ಲೂ. ಹಿಂದಿನಿಂದ ಮಕ್ಕಳು ಭೂತಗನ್ನಡಿ ಅನ್ನುತ್ತಾರೆ. ಗೊತ್ತು. ಆದರೆ ಕಳೆದ ವರ್ಷ ಗೆದ್ದ ಗಾಳಿಯಂತ್ರ? ಮಾಡಿದ್ದು ಹುಡುಗನ ಅಪ್ಪ. ಬಹುಮಾನ ಬಂದ ಮೇಲೆ ಅಪ್ಪನೇ ಎಲ್ಲರೆದುರು ಎದೆಯುಬ್ಬಿಸಿ ಹೇಳಿಕೊಂಡ. ಆ ಉರಿ ಇನ್ನೂ ಆರಿಲ್ಲ.

ಮನೆಗೆ ಬಂದರೆ ಇವರದು ಅದೇ ರಾಗ. "ಮೊಸರಲ್ಲಿ ಕಲ್ಲು ಹುಡುಕೋದೇ ಆಯ್ತು ನಿಂದು." ಮದುವೆಯಾಗಿ ಇಪ್ಪತ್ತಾರು ವರ್ಷ, ಮಾತು ಬದಲಾಗಿಲ್ಲ. ಕಲ್ಲು ಇದ್ದರೆ ಹುಡುಕಬಾರದೆ?

ನವೆಂಬರ್ 19, ಮಂಗಳವಾರ. ಸಂಜೆ

ಸಿಕ್ಕಿತು ಒಂದು.

ಒಂಬತ್ತನೇ ಕ್ಲಾಸಿನ ಹುಡುಗಿ. ಹಿಂದಿನ ಬೆಂಚು, ಮಾತು ಕಮ್ಮಿ. ಸಮವಸ್ತ್ರದ ತೋಳು ಎರಡು ಮಡಿಕೆ ಮಡಚಿದ್ದಾಳೆ, ಯಾರದೋ ದೊಡ್ಡವರದು. ವಿಷಯ — ಬಿಸಿ ಗೋಡೆಗೆ ನೇತುಹಾಕಿದ ಗಡಿಯಾರ ನಿಧಾನವಾಗುತ್ತದೆಯೇ? ಎರಡು ಲೋಲಕದ ಗಡಿಯಾರ, ಎರಡು ಗೋಡೆ. ನಲವತ್ತು ದಿನ ಬೆಳಿಗ್ಗೆ ಸಂಜೆ 6.10ಕ್ಕೆ ಅಳತೆ. ಬಿಸಿ ಗೋಡೆಯದು ದಿನಕ್ಕೆ ಹನ್ನೊಂದು ಸೆಕೆಂಡ್ ಹಿಂದೆ.

ಶುರುವಿನಿಂದ ಕೊನೆಯವರೆಗೆ ಒಂದೇ ಶಾಯಿ. ನಲವತ್ತು ದಿನ ಯಾರಿಗಾದರೂ ಒಂದೇ ಪೆನ್ನು ಕೈಗೆ ಸಿಗುತ್ತದೆಯೆ? ಮತ್ತೆ ಪ್ರತಿ ಮಂಗಳವಾರ ಹನ್ನೊಂದು ಇದ್ದದ್ದು ನಾಲ್ಕಕ್ಕೆ ಇಳಿಯುತ್ತದೆ. ಐದು ಮಂಗಳವಾರವೂ. ಗಡಿಯಾರಕ್ಕೆ ವಾರ ಗೊತ್ತೆ? ಹುಡುಗಿಯ ತಾತ ಗಡಿಯಾರ ರಿಪೇರಿಯವರಂತೆ. ಮುಗಿಯಿತಲ್ಲ. ತಾತ ಕೂತು ಅಂಕಿ ಹೆಣೆದಿದ್ದಾರೆ, ಮೊಮ್ಮಗಳು ಒಂದೇ ದಿನ ಕೂತು ನಕಲು ಇಳಿಸಿದ್ದಾಳೆ.

ನವೆಂಬರ್ 21, ಗುರುವಾರ. ಮಧ್ಯಾಹ್ನದ ಬಿಡುವು

ಲ್ಯಾಬಿಗೆ ಕರೆಸಿ ಕೇಳಿದೆ.

"ಇದನ್ನ ಬರೆದಿದ್ದು ಯಾರು?"

"ನಾನೇ ಮೇಡಂ."

"ನಲವತ್ತು ದಿನಾನೂ ಒಂದೇ ಪೆನ್ನಾ?"

"ಹೌದು ಮೇಡಂ."

"ಮಂಗಳವಾರ ಮಾತ್ರ ಯಾಕೆ ಕಮ್ಮಿ ಆಗುತ್ತೆ?"

"ಹತ್ತೊಂಬತ್ತನೇ ಪುಟದಲ್ಲಿ ಬರೆದಿದ್ದೀನಿ ಮೇಡಂ."

ಪುಟದ ಸಂಖ್ಯೆ ಹೇಳುತ್ತಾಳೆ, ಕಣ್ಣು ಮಿಟುಕಿಸದೆ. ಚೆನ್ನಾಗಿ ಹೇಳಿಕೊಟ್ಟು ಕಳಿಸಿದ್ದಾರೆ. ಹತ್ತೊಂಬತ್ತನೇ ಪುಟ ತೆಗೆಯಲಿಲ್ಲ. ಹೇಳಿಕೊಟ್ಟ ಉತ್ತರ ಓದಿ ಏನಾಗಬೇಕು? ಹೋಗಿ ಕಣ್ಣಾರೆ ನೋಡುವುದೇ ವಾಸಿ.

ನವೆಂಬರ್ 23, ಶನಿವಾರ. ಸಂಜೆ 7

ಕೈಗಡಿಯಾರಕ್ಕೆ ಬ್ಯಾಟರಿ ಹಾಕಿಸುವ ನೆಪದಲ್ಲಿ ತಾತನ ಅಂಗಡಿಗೆ ಹೋದೆ. ಮುಂದಿನ ಕೋಣೆ ಅಂಗಡಿ, ಹಿಂದಿನದು ಮನೆ. ತಾತ ಒಂದು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡೇ ತಲೆ ಎತ್ತಿದರು.

"ನೀವು ನಮ್ಮ ಹುಡುಗಿ ಸೈನ್ಸ್ ಮೇಡಂ ಅಲ್ವ?"

ನೆಪ ಅಲ್ಲಿಗೇ ಮುಗಿಯಿತು. ನೇರವಾಗಿಯೇ ಕೇಳಿದೆ, ನೀವೆಷ್ಟು ಸಹಾಯ ಮಾಡಿದ್ದೀರಿ ಅಂತ.

"ಎರಡು ಮೊಳೆ ಹೊಡೆದುಕೊಟ್ಟೆ. ಅದನ್ನೂ ಬರ್ಕೊಂಡ್ಳಮ್ಮ. ಗಡಿಯಾರ ಮುಟ್ಟೋ ಹಾಗಿಲ್ಲ ನಾನು. ನನ್ನ ಅಂಗಡೀಲಿ ನಾನೇ."

ಎಡಗಡೆ ಗೋಡೆಗೆ ಒಂದು ಗಡಿಯಾರ, ಎದುರು ಗೋಡೆಗೆ ಇನ್ನೊಂದು. ಪಕ್ಕದ ಮೊಳೆಗೆ ದಾರ ಕಟ್ಟಿ ಪೆನ್ನು ತೂಗುಬಿಟ್ಟಿದೆ. ತಾತ ಪೆನ್ನು ತೆಗೆದುಕೊಂಡು ಎಲ್ಲೋ ಇಟ್ಟು ಮರೆಯುತ್ತಾರಂತೆ, ಅದಕ್ಕೆ. ಎಡಗಡೆ ಗೋಡೆ ಮುಟ್ಟಿ ನೋಡಿದೆ. ಕೈ ಹಿಂದಕ್ಕೆಳೆದುಕೊಂಡೆ, ಅಷ್ಟು ಬಿಸಿ.

"ಆ ಕಡೆ ಬೇಕರಿ ಮೇಡಂ. ಅವರ ಒಲೆ ನಮ್ಮ ಗೋಡೆಗೇ ಒರಗಿದೆ."

"ಮಂಗಳವಾರ?"

"ಮಂಗಳವಾರ ಅವರಿಗೆ ರಜಾ. ಒಲೆ ಹಚ್ಚಲ್ಲ."

ಬ್ಯಾಟರಿಯ ದುಡ್ಡು ಬೇಡವೆಂದರು. ಹೊರಡುವಾಗ ತಾವಾಗಿಯೇ ಹೇಳಿದರು. "ಜಿಲ್ಲೆಯಲ್ಲಿ ಗೆದ್ದರೆ ರಜೆಯಲ್ಲಿ ಎರಡು ತಿಂಗಳು ಕಾಲೇಜ್ ಲ್ಯಾಬಲ್ಲಿ ಸೇರಿಸ್ಕೋತಾರಂತೆ. ಅಲ್ಲಿ ಒಂದು ಸೆಕೆಂಡನ್ನ ಸಾವಿರ ಚೂರು ಮಾಡೋ ಗಡಿಯಾರ ಇದೆಯಂತೆ. ತಟ್ಟೆ ಮುಂದೆ ಕೂತರೂ ಅದೇ ಮಾತು ಅವಳದು."

ಮನೆಗೆ ಬಂದು ಹತ್ತೊಂಬತ್ತನೇ ಪುಟ ತೆಗೆದೆ. ಬೇಕರಿ, ಒಲೆ, ವಾರದ ರಜೆ... ಎಲ್ಲವೂ ಇತ್ತು. ದೊಡ್ಡವರ ಸಹಾಯ ಅನ್ನುವ ಜಾಗದಲ್ಲಿ "ಎರಡು ಮೊಳೆ, ತಾತ". ಅಕ್ಟೋಬರ್ 20ರ ಎದುರಿಗೆ "ಏಳುವುದು ತಡವಾಯಿತು, ಬೆಳಗಿನ ಅಳತೆ ಇಲ್ಲ". ಕಳ್ಳಲೆಕ್ಕ ಬರೆಯುವವರು ಆ ಸಾಲು ಬರೆಯುವುದಿಲ್ಲ. ನಾಚಿಕೆಯಾಯಿತು.

ನವೆಂಬರ್ 24, ಭಾನುವಾರ. ಬೆಳಿಗ್ಗೆ 11

ಜಿಲ್ಲಾ ಮಟ್ಟಕ್ಕೆ ಐದು ಪ್ರಾಜೆಕ್ಟ್ ಕಳಿಸಬೇಕು. ಅವಳದೇ ಮೊದಲನೆಯದು. ಪಟ್ಟಿ ತುಂಬುತ್ತಿದ್ದೆ. ಪ್ರಯೋಗ ಶುರುವಾದ ದಿನ, ಅಕ್ಟೋಬರ್ 3. ಒಪ್ಪಿಗೆ ಸಹಿಯ ದಿನ, ಅಕ್ಟೋಬರ್ 15.

ಒಪ್ಪಿಗೆಗಿಂತ ಹನ್ನೆರಡು ದಿನ ಮೊದಲೇ ಶುರು. ನೇರ ಅನರ್ಹ. ಈ ಒಂದು ನಿಯಮದ ಮೇಲೆ ಬೇರೆ ಶಾಲೆಗಳವರನ್ನು ಎಷ್ಟು ಸಲ ಬಾಗಿಲಿನಿಂದಲೇ ವಾಪಸ್ ಕಳಿಸಿದ್ದೇನೆ. ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಖುಷಿಯೇ ಆಯಿತು. ಕೊನೆಗೂ ಸಿಕ್ಕಿಬಿದ್ದಳು ಅಂತ.

ಆಮೇಲೆ ನೆನಪಾಯಿತು. ಅಕ್ಟೋಬರ್ ಒಂದು. ಲ್ಯಾಬ್ ಬಾಗಿಲಲ್ಲಿ ಈ ಹುಡುಗಿ ಫಾರಂ ಹಿಡಿದು ನಿಂತಿದ್ದಳು. ನನ್ನ ಕೈಯಲ್ಲಿ ಬೀಗದ ಗೊಂಚಲು. "ಮೇಜಿನ ಮೇಲಿಡು, ನೋಡ್ತೀನಿ. ನೀನು ಶುರು ಮಾಡ್ಕೋ" ಅಂದವಳು ನಾನೇ. ಫಾರಂ ಮೇಜಿನ ಮೇಲೇ ಬಿದ್ದಿತ್ತು. ಎಲ್ಲರದೂ ಬಿದ್ದಿತ್ತು. ಹದಿನೈದು ಸಹಿಗೆ ಕೊನೆಯ ದಿನ. ಕೊನೆಯ ಪಿರಿಯಡ್‌ನಲ್ಲಿ ಕೂತು ಇಪ್ಪತ್ತೇಳಕ್ಕೂ ಒಂದೇ ಉಸಿರಿನಲ್ಲಿ ಸಹಿ ಹಾಕಿದೆ. ಕೆಳಗೆ ಹದಿನೈದು, ಹದಿನೈದು, ಹದಿನೈದು. ಪ್ರತಿ ವರ್ಷವೂ ಹಾಗೇ ಮಾಡುವುದು.

ಹಾಗಾದರೆ ಉಳಿದ ಇಪ್ಪತ್ತಾರು?

ಮಧ್ಯಾಹ್ನ 2

ನೋಡಿದೆ. ಇಪ್ಪತ್ತಾರೂ ಶುರುವಾಗಿರುವುದು ಹದಿನೈದು ಇಲ್ಲವೇ ಹದಿನಾರಕ್ಕೆ. ಒಂದಾದರೂ ಹದಿನಾಲ್ಕು ಬೇಡವೆ? ತುಕ್ಕು ಹಿಡಿಯುವ ಮೊಳೆಗಳ ಪ್ರಾಜೆಕ್ಟಿನಲ್ಲಿ "ಮೊದಲ ದಿನ, ಅ. 16" ಅಂತಿದೆ. ಪಕ್ಕದ ಫೋಟೋದ ಮೂಲೆಯಲ್ಲಿ ಕ್ಯಾಮೆರಾ ಹಾಕಿದ ತಾರೀಖು ಅ. 6. ಇವನ್ನೆಲ್ಲ ನಾನು ಹೋದ ವಾರ "ಸರಿ ಇದೆ" ಅಂತ ಬರೆದು ಪಕ್ಕಕ್ಕಿಟ್ಟವು.

ನವೆಂಬರ್ 25, ಸೋಮವಾರ

ಬೋರ್ಡ್ ಮಾಡಿಸುವವರು ಡ್ರಾಯಿಂಗ್ ಮೇಷ್ಟ್ರು. ಅವರನ್ನೇ ಹಿಡಿದೆ.

"ನಾನೇ ಹೇಳಿದ್ದು ಮೇಡಂ. ಫಾರಂ ಮೇಲೆ ಮೇಡಂ ಯಾವ ಡೇಟ್ ಹಾಕಿದ್ದಾರೋ ನೋಡ್ಕೊಂಡು, ಅಲ್ಲಿಂದ ಲಾಗ್ ಬುಕ್ ಹೊಸದಾಗಿ ಬರ್ಕೊಳ್ಳಿ ಅಂತ. ಪ್ರತಿ ವರ್ಷ ಹೇಳ್ತೀನಲ್ಲ."

"ಪ್ರತಿ ವರ್ಷಾನಾ?"

"ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ." ಬ್ರಷ್ ಒರೆಸುತ್ತಾ, "ಆ ಗಡಿಯಾರದ ಹುಡುಗಿ ಒಬ್ಬಳೇ ಕೇಳಲಿಲ್ಲ. ಮೊಂಡು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಮುಟ್ಟಿಕೊಳ್ಳಬೇಕಾದ್ದೇ ಇರಲಿಲ್ಲ, ಕುಂಬಳಕಾಯಿ ಹೆಗಲ ಮೇಲೇ ಇತ್ತು. ಎಂಟು ವರ್ಷ ಸುಳ್ಳು ಹಿಡಿಯುತ್ತಿದ್ದೇನೆ ಅಂದುಕೊಂಡಿದ್ದೆ. ಎಂಟು ವರ್ಷ ಸುಳ್ಳು ಬರೆಯುವುದನ್ನು ಕಲಿಸಿದ್ದೇನೆ.

ಇವರಿಗೆ ಹೇಳಿದೆ. "ಅದಕ್ಕೇನು, ಫಾರಂ ನನ್ನ ಹತ್ತಿರ ಮೊದಲೇ ಬಂದಿತ್ತು, ತಪ್ಪು ನಂದು ಅಂತ ಒಂದು ಕಾಗದ ಬರೆದುಕೊಡು" ಅಂದರು. ನಿಯಮದಲ್ಲೂ ಅದಕ್ಕೆ ಅವಕಾಶವಿದೆ. ಆದರೆ ಆ ಕಾಗದ ಓದಿದವರು ಮುಂದಿನ ಪ್ರಶ್ನೆ ಕೇಳದೆ ಇರುತ್ತಾರೆಯೆ? ಉಳಿದ ಇಪ್ಪತ್ತಾರರ ಗತಿ? ನನ್ನ ಗತಿ?

ನವೆಂಬರ್ 27, ಬುಧವಾರ

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ದಾರಿ ಹುಡುಕಿದೆ. ಹುಡುಗಿಯನ್ನು ಕರೆದೆ.

"ಹದಿನೈದರಿಂದ ಶುರು ಅಂತ ಬರೆದುಬಿಡು. ಇಪ್ಪತ್ತೆಂಟು ದಿನದ ಅಳತೆ ಉಳಿಯುತ್ತೆ. ಧಾರಾಳವಾಗಿ ಸಾಕು."

"ಮೊದಲಿನ ಹನ್ನೆರಡು ದಿನ ಏನು ಮಾಡ್ಲಿ ಮೇಡಂ?"

"ಬಿಟ್ಟುಬಿಡು."

ಲಾಗ್ ಬುಕ್ಕಿನ ಮೊದಲ ಪುಟಗಳನ್ನು ಬೆರಳಿನಿಂದ ಸವರಿದಳು. "ಆವಾಗ್ಲೂ ಗಡಿಯಾರ ಓಡ್ತಿತ್ತಲ್ಲ ಮೇಡಂ."

ಸಿಟ್ಟು ಬಂತು. ಹೋಗು ಅಂದೆ. ಸಿಟ್ಟು ಯಾರ ಮೇಲೆ ಅಂತ ಈಗ ಗೊತ್ತಾಗುತ್ತಿದೆ.

ನವೆಂಬರ್ 29

15ರಲ್ಲಿ 5 ಕೆರೆದು ತೆಗೆದರೆ 1 ಉಳಿಯುತ್ತದೆ. ಅವಳು ಫಾರಂ ಕೊಟ್ಟ ನಿಜವಾದ ದಿನವೇ. ಬ್ಲೇಡ್ ತೆಗೆದೆ. ಇಟ್ಟೆ.

ಡಿಸೆಂಬರ್ 6, ಶುಕ್ರವಾರ

ಕಾಗದ ಬರೆಯಲಿಲ್ಲ. ಐದೂ ಹಾಗೇ ಹೋಗಿವೆ. ನಮ್ಮ ಶಾಲೆಯದನ್ನು ನಾನು ಪರಿಶೀಲಿಸುವಂತಿಲ್ಲ, ಬೇರೆ ಯಾರೋ ನೋಡುತ್ತಾರೆ. ನೋಡುವವರೆಲ್ಲ ನನ್ನ ಹಾಗೆ ಇರುವುದಿಲ್ಲ. ಯಾರ ಕಣ್ಣಿಗೂ ಬೀಳದೆ ದಾಟಬಹುದು. ಯಾರೂ ಸರಿಯಾಗಿ ನೋಡದಿರಲಿ ಅಂತ ನಾನು ಬಯಸುವ ಕಾಲ ಬಂತು.

ಡಿಸೆಂಬರ್ 7, ಶನಿವಾರ. ಮಧ್ಯಾಹ್ನ 3.20. ಪ್ರದರ್ಶನದ ಸಭಾಂಗಣ, ಹಿಂದಿನ ಮೆಟ್ಟಿಲು

ಬಿತ್ತು ಕಣ್ಣಿಗೆ.

ಪರಿಶೀಲಕರು ಸಣಕಲು ಮನುಷ್ಯ, ಸಮಾಧಾನದ ದನಿ. ಫಾರಂ ಮತ್ತು ಲಾಗ್ ಬುಕ್ ಅಕ್ಕಪಕ್ಕ ಇಟ್ಟುಕೊಂಡರು. "ಪ್ರಯೋಗ ಮೂರಕ್ಕೆ, ಸಹಿ ಹದಿನೈದಕ್ಕೆ. ಫಾರಂ ಯಾವಾಗ ಕೊಟ್ಟೆಯಮ್ಮ?"

ನಾನು ಮೂರು ಹೆಜ್ಜೆ ಹಿಂದೆ ನಿಂತಿದ್ದೆ. ನನಗೆ ಬಾಯಿ ತೆರೆಯಲು ಬೇಕಾದಷ್ಟು ಹೊತ್ತಿತ್ತು. ಹುಡುಗಿ ಒಂದು ಸಲ ತಿರುಗಿ ನನ್ನನ್ನು ನೋಡಿದಳು. ಮತ್ತೆ ಅವರ ಕಡೆ ತಿರುಗಿದಳು.

"ನಾನೇ ಲೇಟಾಗಿ ಕೊಟ್ಟೆ ಸರ್. ಹದಿನೈದಕ್ಕೆ."

ಅವರು ಪಾಪ ಅನ್ನುವ ಮುಖ ಮಾಡಿ, ಅನರ್ಹ ಅಂತ ಬರೆದು ಚೀಟಿ ಕೊಟ್ಟರು. ಅವಳು ಎರಡೂ ಗಡಿಯಾರ ಇಳಿಸಿ ಹಳೆ ಟವೆಲ್ಲಿನಲ್ಲಿ ಸುತ್ತತೊಡಗಿದಳು. ಹತ್ತಿರ ಹೋದೆ. ಯಾಕೆ ಹಾಗಂದೆ ಅಂತ ಕೇಳಿದೆ.

"ನೀವು ಸುಮ್ಮನಿದ್ರಲ್ಲ ಮೇಡಂ."

ಅಷ್ಟೇ. ದೂರಲಿಲ್ಲ, ಅಳಲೂ ಇಲ್ಲ. ನಲವತ್ತು ದಿನ ಒಂದು ಅಂಕಿಯನ್ನೂ ಸುಳ್ಳು ಬರೆಯದ ಮಗು. ಇವತ್ತು ನನಗೋಸ್ಕರ ಸುಳ್ಳು ಹೇಳಿತು, ನಾನು ಹೇಳಿಸಿದೆ.

ಆಕ್ಷೇಪಣೆ ಕೊಡಲು ನಾಲ್ಕು ಗಂಟೆಯವರೆಗೆ ಸಮಯವಿದೆ. ಲಿಖಿತವಾಗಿ, ಶಿಕ್ಷಕರ ಸಹಿಯೊಂದಿಗೆ. ಎಲ್ಲ ಬರೆಯುತ್ತೇನೆ. ಅವಳು ಒಂದನೇ ತಾರೀಖಿಗೇ ಕೊಟ್ಟಿದ್ದು, ಶುರು ಮಾಡ್ಕೋ ಅಂತ ನಾನಂದಿದ್ದು, ಒಂದೇ ದಿನದ ಇಪ್ಪತ್ತೇಳು ಸಹಿ, ಎಂಟು ವರ್ಷ. ಇನ್ನು ಈ ಕೆಲಸ ನನಗೆ ಕೊಡುವುದಿಲ್ಲ. ಕೊಡಬಾರದು ಕೂಡ.

ಆಫೀಸಿನಲ್ಲಿ ಹಾಳೆ ಕೇಳಿದರೆ ಯಾಕೆ ಮೇಡಂ ಅನ್ನುತ್ತಾರೆ, ಉತ್ತರ ಹೇಳುವಷ್ಟರಲ್ಲಿ ಮತ್ತೆ ಧೈರ್ಯ ಜಾರಿಹೋದೀತು. ಈ ಡೈರಿಯಿಂದಲೇ ಒಂದು ಹಾಳೆ ಹರಿದುಕೊಂಡೆ. ಮೇಲೆ ಇವತ್ತಿನದೇ ತಾರೀಖು ಹಾಕಿದೆ.