ಧರಣಿಗೆ ಬೇಕಾದ ಬಟ್ಟೆ

ಮಾವನವರಿಗೆ ನಮಸ್ಕಾರಗಳು.

ಅಕ್ಷರ ಸೊಟ್ಟಗಿದೆ, ತಪ್ಪುಗಳೂ ಇರುತ್ತವೆ, ಕ್ಷಮಿಸಿ. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಸೊಸೆ ಮಾವನೆದುರು ಮಾತಾಡಬಾರದೆಂದು ಅತ್ತೆ ಹೇಳಿಕೊಟ್ಟಿದ್ದರಿಂದ ಒಂದೇ ಮನೆಯಲ್ಲಿದ್ದೂ ಬರೆಯುತ್ತಿದ್ದೇನೆ.

ದಸರೆಗೆ ಧರಣಿಗೆ ಲಂಗ ಹೊಲಿಯಲು ನೀವು ಜರಿ ಬಟ್ಟೆ ತಂದಿದ್ದೀರಿ. ನಿಮ್ಮ ಮೊಮ್ಮಗಳಿಗೆ ಹನ್ನೆರಡಾಯಿತು. ಅವಳಿಗೆ ನಜರ್‌ಬಾದಿನ ಗೆಳತಿಯರ ಹಾಗೆ ಜೇಬಿರುವ ಕಪ್ಪು ಪ್ಯಾಂಟು ಬೇಕಂತೆ.

"ತಾತನ್ಗೆ ನೀನೇ ಹೇಳು ಕಣೇ" ಅಂದೆ.

"ನಂಗೂ ನಿನ್ನಂಗೇ ಅವ್ರ ಮುಂದೆ ಬಾಯಿ ಬರಲ್ಲ, ಬುಡಮ್ಮ" ಅಂದಳು.

ಆ ಮಾತು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ. ದಯವಿಟ್ಟು ಬಟ್ಟೆಗೆ ಕತ್ತರಿ ಹಾಕುವ ಮೊದಲು ಅವಳನ್ನು ಕರೆದು ಕೇಳಿ.

ಇವತ್ತು ಬೆಳಿಗ್ಗೆ ಅವಳೆದುರಿಗೇ ನಿಮ್ಮ ಮುಂದೆ ಕಾಫಿ ಇಟ್ಟು "ತಗೊಳ್ಳಿ ಮಾವ" ಅಂದೆ. ಹೊಲಿಗೆ ಮೆಷಿನ್ ಸದ್ದಿನಲ್ಲಿ ನಿಮಗೆ ಕೇಳಿಸಲಿಲ್ಲವೇನೋ.

ನಿಮ್ಮ ಸೊಸೆ,
ನಾಗಮಣಿ