ಕಿಟ್‌ಚೈಗೆ ಕುಡಿಸಿದ ಕಹಿಬೇರಿನ ನೀರು

ಅತ್ತೆ,

ನೀವು ಮೀನು ತರುವಷ್ಟರಲ್ಲಿ ನಾವು ಮನೆಯಲ್ಲಿರುವುದಿಲ್ಲ. ಕಿಟ್‌ಚೈಯನ್ನು ಸೇತುವೆ ಪಕ್ಕದ ಮಕ್ಕಳ ಆಸ್ಪತ್ರೆಗೆ ಎತ್ತಿಕೊಂಡು ಹೋಗುತ್ತಿದ್ದೇನೆ. ಈಗ ಮಗುವಿನ ಬಟ್ಟೆ ಬದಲಿಸುವಾಗ ನೋಡಿದೆ, ಉಚ್ಚೆ ಚಹಾದ ಬಣ್ಣಕ್ಕಿದೆ. ಕಣ್ಣೂ ಹಳದಿಯಾಗಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಹೊಟ್ಟೆನೋವಿಗೆಂದು ನೀವು ಕುಡಿಸಿದ ವೋಂಗ್‌ಲಿನ್ ಬೇರಿನ ನೀರು ಅವನಿಗೆ ಆಗಬಾರದಿತ್ತು. "ನಿನ್ನ ಗಂಡ ಇದನ್ನೇ ಕುಡ್ಕೊಂಡು ಎಮ್ಮೆ ಹಾಗೆ ಬೆಳೆದ್ನಲ್ಲೇ" ಅಂದಿರಿ. ಅವರಿಗೆ ಏನೂ ಆಗಲಿಲ್ಲ, ನಿಜ. ಆದರೆ ಕಿಟ್‌ಚೈ ರಕ್ತದಲ್ಲಿ ದೋಷವಿದೆ. ಅಂಥ ಮಕ್ಕಳಿಗೆ ಆ ಬೇರು ಕೊಟ್ಟರೆ ರಕ್ತ ಒಡೆಯುತ್ತದಂತೆ. ಹೆರಿಗೆಯಾದ ವಾರಕ್ಕೇ ಅವನ ರಕ್ತಪರೀಕ್ಷೆಯ ಕಾಗದ ಆಸ್ಪತ್ರೆಯಿಂದ ಬಂದಿತ್ತು. ನಾನು ಅದನ್ನು ಬಚ್ಚಿಟ್ಟೆ. ಈ ದೋಷ ಗಂಡುಮಗುವಿಗೆ ತಾಯಿಯಿಂದಲೇ ಬರುವುದು ಎಂದು ಓದಿ, ನೀವೇನನ್ನುತ್ತೀರೋ ಎಂದು ಹೆದರಿದೆ. ಸಂಜೆ ಶಾಲೆಗೆ ಹೋಗಿ ಓದಲು ಕಲಿತದ್ದು ಹೀಗೆ ಓದಿ ಬಚ್ಚಿಡುವುದಕ್ಕೇನೋ.

ಆ ಬೇರಿನ ಕಷಾಯದ ಬಟ್ಟಲು ತೊಳೆಯಬೇಡಿ. ಉಳಿದದ್ದನ್ನು ಸೀಸೆಗೆ ಹಾಕಿಕೊಂಡು ಬನ್ನಿ. ಪೆಟ್ಟಿಗೆಯಲ್ಲಿರುವ ಹೊದಿಕೆ ತರಬೇಡಿ, ನುಸಿಗುಳಿಗೆಯ ವಾಸನೆಯೂ ಅವನಿಗೆ ಕೆಟ್ಟದ್ದು. ನೀವು ಅಂಗೈ ಬಿಸಿ ಮಾಡಿ ಹೊಟ್ಟೆ ನೀವಿದ್ದರಿಂದ ಏನೂ ಆಗಿಲ್ಲ, ಅದಕ್ಕೇ ಅವನು ಒಂದಿಷ್ಟು ನಿದ್ದೆ ಮಾಡಿದ್ದು.

ನಿನ್ನೆ ಕೇಳಿದಾಗ "ಒಂದೇ ಚಮಚ ಕಣೇ, ಯಾಕ್ ಹಂಗ್ ನೋಡ್ತೀಯ" ಅಂದಿರಿ. ಬಟ್ಟಲು ಅರ್ಧ ಖಾಲಿಯಾಗಿದೆ. ಬೈಯುವ ಯೋಗ್ಯತೆ ನನಗಿಲ್ಲ ಅತ್ತೆ. ಕಾಗದದ ವಿಷಯ ಡಾಕ್ಟರಿಗೆ ನಾನೇ ಹೇಳುತ್ತೇನೆ. ಎಷ್ಟು ಚಮಚ ಕುಡಿಸಿದಿರಿ ಎನ್ನುವುದನ್ನು ಮಾತ್ರ ನೀವೇ ಬಂದು ಹೇಳಬೇಕು.

ಸ್ಯೂಲಾನ್